ನಂಬರ್ ಪ್ಯಾಡಿಗೆ ಬೇರೆ ಮನೆ

ಅಲ್ಲಾ, ಬಲಭುಜ ಹಿಡಿದುಕೊಂಡಿದೆ ಅಂತ ಮೊನ್ನೆಯಿಂದ ಹೇಳುತ್ತಿದ್ದೀರಿ. ಕುರ್ಚಿ ಬದಲಾಯಿಸಿದ್ದಾಯಿತು, ಬೆನ್ನಿಗೆ ದಿಂಬು ಕೊಟ್ಟಿದ್ದಾಯಿತು, ಎಣ್ಣೆ ತಿಕ್ಕಿದ್ದೂ ಆಯಿತು. ಒಂದು ಕೆಲಸ ಮಾಡಿ, ಟೇಪು ತಗೊಂಡು ನಿಮ್ಮ ಕೀಬೋರ್ಡನ್ನು ಅಳೆದು ನೋಡಿ. ನೋವಿಗೆ ಏನು ಕಾರಣ ಅಂತ ಹೇಳಬೇಕಾದವರು ಡಾಕ್ಟರು. ಆದರೆ ಮೌಸಿಗಾಗಿ ದಿನವಿಡೀ ನಿಮ್ಮ ಬಲಗೈ ಎಷ್ಟು ದೂರ ಚಾಚಿಕೊಂಡಿರುತ್ತದೆ ಅನ್ನುವುದನ್ನು ಟೇಪೇ ಹೇಳುತ್ತದೆ.

ಲೆಕ್ಕ ಏನೂ ಕಷ್ಟವಿಲ್ಲ. ಒಂದು ಕೀಯ ನಡುವಿನಿಂದ ಪಕ್ಕದ ಕೀಯ ನಡುವಿಗೆ 19.05 ಮಿಲಿಮೀಟರ್, ಅಂದರೆ ಮುಕ್ಕಾಲು ಇಂಚು. ಮಾಮೂಲಿ ಡೆಸ್ಕ್‌ಟಾಪ್ ಕೀಬೋರ್ಡಿಗೆಲ್ಲ ಹೆಚ್ಚುಕಡಿಮೆ ಇದೇ ಅಳತೆ. ಅಕ್ಷರಗಳ ಭಾಗ ಹದಿನೈದು ಕೀಯಷ್ಟು ಅಗಲ. ಅದರ ಬಲಕ್ಕೆ ಬಾಣದ ಕೀ, ಡಿಲೀಟು, ಹೋಮು ಇರುವ ಭಾಗ ಮೂರು ಕೀಯಷ್ಟು. ಕೊನೆಗೆ ನಂಬರ್ ಪ್ಯಾಡು ನಾಲ್ಕು. ನಡುವಿನ ಸಂದುಗಳೂ ಸೇರಿ ಇಪ್ಪತ್ತೆರಡೂವರೆ ಕೀ, ಸುಮಾರು 43 ಸೆಂಟಿಮೀಟರ್. ಸುತ್ತಲಿನ ಪ್ಲಾಸ್ಟಿಕ್ಕು ಬೇರೆ. ಟೈಪ್ ಮಾಡುವಾಗ ಎರಡು ಕೈಗಳು ಇರುವುದು ಜಿ ಮತ್ತು ಎಚ್ ನಡುವಿನ ಗೆರೆಯ ಆಚೀಚೆ. ಆ ಗೆರೆಯಿಂದ ಎಡತುದಿಗೆ ಸುಮಾರು 13 ಸೆಂ.ಮೀ., ಬಲತುದಿಗೆ 30 ಸೆಂ.ಮೀ. ಮೌಸು ಶುರುವಾಗುವುದೇ ಆ ಮೂವತ್ತರ ಆಚೆ. ನಂಬರ್ ಪ್ಯಾಡು ತೆಗೆದುಬಿಟ್ಟರೆ ಮೂವತ್ತು ಇದ್ದದ್ದು 22 ಆಗುತ್ತದೆ. ಬಾಣದ ಭಾಗವನ್ನೂ ತೆಗೆದರೆ 16ಕ್ಕಿಂತ ಕಡಿಮೆ.

ಆದ್ದರಿಂದ ಕೀಬೋರ್ಡು ಚಿಕ್ಕದು ಮಾಡುವುದು ಮೇಜಿನ ಮೇಲೆ ಜಾಗ ಉಳಿಸುವುದಕ್ಕೆ ಅಥವಾ ಚಂದ ಕಾಣಲಿ ಅಂತ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕತ್ತರಿಸುವುದು ಕೀಬೋರ್ಡನ್ನಾದರೂ ಹತ್ತಿರ ಬರಬೇಕಾದದ್ದು ಮೌಸು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎಲ್ಲಿ ಕತ್ತರಿಸಬೇಕು, ಎಷ್ಟು ಕತ್ತರಿಸಬೇಕು, ಯಾರು ಕತ್ತರಿಸಬಾರದು ಎಲ್ಲ ತಾನಾಗಿ ತಿಳಿಯುತ್ತದೆ.

ಚಿಕ್ಕದನ್ನೇ ಕೊಂಡುಕೊಂಡರಾಯಿತಲ್ಲ ಅಂತೀರಾ? ಕೊಳ್ಳಬಹುದು, ಈಗ ಬೇಕಾದಷ್ಟು ಸಿಗುತ್ತವೆ. ಆದರೆ ಹಳೆಯ ದೊಡ್ಡ ಕೀಬೋರ್ಡುಗಳಲ್ಲಿ ಕೆಲವಕ್ಕೆ ಒಂದು ಕಸುವು ಇರುತ್ತದೆ. ನಮ್ಮ ಕಡೆ ಕಿರಾಣಿ ಅಂಗಡಿಯ ಬಿಲ್ ಕೌಂಟರಿನಲ್ಲಿ, ಡಿಟಿಪಿ ಸೆಂಟರಿನಲ್ಲಿ ಟಿವಿಎಸ್ ಗೋಲ್ಡ್ ಅಂತ ಒಂದು ಕೀಬೋರ್ಡು ಇರುತ್ತಿತ್ತಲ್ಲ, ಒತ್ತಿದರೆ ಟಕಟಕ ಅನ್ನುವುದು? ಅದರೊಳಗೆ ಚೆರ್ರಿ ಕಂಪನಿಯ ನೀಲಿ ಸ್ವಿಚ್ಚು ಬರುತ್ತಿತ್ತು. ಪ್ರತಿ ಕೀಗೂ ಬೇರೆ ಬೇರೆ ಸ್ಪ್ರಿಂಗು, ಬೇರೆ ಬೇರೆ ಲೋಹದ ಎಲೆ. ಅಂಥವು ಬೇಗ ಸಾಯುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆ ಸಾಮಾನಿನ ರಾಶಿಯಲ್ಲಿ ದೊಡ್ಡ ಮೆಕ್ಯಾನಿಕಲ್ ಕೀಬೋರ್ಡು ಕಂಡರೆ ನನ್ನ ಕೈ ತಾನಾಗಿ ಅದರ ಮೇಲೆ ಹೋಗುತ್ತದೆ. ಸ್ವಿಚ್ಚು ಗಟ್ಟಿಯಿದೆ, ಬೋರ್ಡು ಗಟ್ಟಿಯಿದೆ, ನಮಗೆ ಬೇಡದ್ದು ಬಲಗಡೆಯ ಎಂಟು ಸೆಂಟಿಮೀಟರ್ ಮಾತ್ರ. ಅಷ್ಟಕ್ಕೋಸ್ಕರ ಇಡೀ ವಸ್ತುವನ್ನು ಗುಜರಿಗೆ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಈ ಎಂಟು ಸೆಂಟಿಮೀಟರು ಅಲ್ಲಿಗೆ ಬಂದದ್ದಕ್ಕೂ ಒಂದು ಕಥೆಯಿದೆ. 7-8-9 ಮೇಲೆ, 1-2-3 ಕೆಳಗೆ ಇರುವ ಆ ಹತ್ತು ಅಂಕಿಗಳ ಜೋಡಣೆ ಕಂಪ್ಯೂಟರಿಗಿಂತ ಬಹಳ ಹಳೆಯದು. 1914ರಲ್ಲಿ ಅಮೆರಿಕದ ಸಂಡ್‌ಸ್ಟ್ರಾಂಡ್ ಅನ್ನುವ ಕೂಡುವ ಯಂತ್ರದಲ್ಲೇ ಅದು ಇತ್ತು. ಲೆಕ್ಕಪತ್ರದವರ ಬೆರಳಿಗೆ ಅಷ್ಟು ಹಿಂದೆಯೇ ಅಭ್ಯಾಸವಾದದ್ದು. 1981ರಲ್ಲಿ ಐಬಿಎಂ ಪಿಸಿ ಬಂದಾಗ ಕೀಬೋರ್ಡಿನಲ್ಲಿ 83 ಕೀ ಇದ್ದವು, ಬಾಣದ ಕೀಗಳಿಗೆ ಪ್ರತ್ಯೇಕ ಜಾಗವಿರಲಿಲ್ಲ. ನಂಬರ್ ಪ್ಯಾಡಿನ 8, 4, 6, 2 ಇವೇ ಬಾಣಗಳು. ಅಂಕಿಯೋ ಬಾಣವೋ ಅಂತ ನಿರ್ಧರಿಸುವುದಕ್ಕೇ ನಮ್ ಲಾಕು. ಮುಂದೆ 101 ಕೀಗಳ ಕೀಬೋರ್ಡು ಬಂತು. ಬಾಣಗಳಿಗೆ ಸ್ವಂತ ಜಾಗ ಸಿಕ್ಕಿತು, ನಂಬರ್ ಪ್ಯಾಡು ಮಾತ್ರ ಇದ್ದಲ್ಲೇ ಉಳಿಯಿತು, ನಮ್ ಲಾಕು ಕೂಡ. ಮೌಸು ಪ್ರತಿ ಮೇಜಿಗೂ ಬರುವ ಮೊದಲೇ ಈ ಅಗಲ ಗಟ್ಟಿಯಾಗಿಬಿಟ್ಟಿತ್ತು. ಆಮೇಲೆ ಬಂದ ಮೌಸು ಅದರಾಚೆ ಹೋಗಿ ಕೂರಬೇಕಾಯಿತು. ಬಲಗೈಯವರ ಭುಜದ ಪಾಡು ಶುರುವಾದದ್ದು ಹಾಗೆ ಅಂತ ನನ್ನ ಅಂದಾಜು.

ಇನ್ನೊಂದು ವಿಷಯ ಹೇಳಿದರೆ ನಿಮಗೆ ಧೈರ್ಯ ಬರುತ್ತದೆ. ಮೊದಲು ಕತ್ತರಿಸಿದವರು ನಮ್ಮಂಥ ಹವ್ಯಾಸಿಗಳೇನಲ್ಲ. 1987ರಲ್ಲಿ ಐಬಿಎಂನವರೇ ತಮ್ಮ ಪ್ರಸಿದ್ಧ ಮಾಡೆಲ್ ಎಂ ಕೀಬೋರ್ಡಿನ ನಂಬರ್ ಪ್ಯಾಡನ್ನು ಬಿಟ್ಟು 84 ಕೀಗಳ ಚಿಕ್ಕ ರೂಪವೊಂದನ್ನು ಮಾಡಿದರು. ಸ್ಪೇಸ್ ಸೇವಿಂಗ್ ಕೀಬೋರ್ಡ್ ಅಂತ ಹೆಸರು. ಒಳಗಿನ ಸ್ಪ್ರಿಂಗು ಅದೇ, ಟೈಪ್ ಮಾಡಿದ ಅನುಭವವೂ ಅದೇ.

ಯಾರು ಕತ್ತರಿಸಬಾರದು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಬ್ಯಾಂಕಿನವರು ಬೇಡ. ನಾಡಕಚೇರಿಯಲ್ಲಿ ದಿನವಿಡೀ ಹನ್ನೆರಡು ಅಂಕಿಯ ಆಧಾರ್ ನಂಬರು ಹೊಡೆಯುವವರು ಬೇಡವೇ ಬೇಡ. ಟ್ಯಾಲಿಯಲ್ಲಿ ಕೆಲಸ ಮಾಡುವವರು ಅಂತೂ ಗರಗಸದ ಹತ್ತಿರ ಬರಬಾರದು. ನಮ್ಮ ಬೆಂಗಳೂರಿನದೇ ಆ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಇದೆಯಲ್ಲ, ಅದರಲ್ಲಿ ಪೇಮೆಂಟಿಗೆ ಎಫ್5, ರಸೀದಿಗೆ ಎಫ್6, ಜರ್ನಲಿಗೆ ಎಫ್7, ಮಾರಾಟಕ್ಕೆ ಎಫ್8, ಖರೀದಿಗೆ ಎಫ್9. ಪಳಗಿದ ಅಕೌಂಟೆಂಟರ ಎಡಗೈ ಮೇಲಿನ ಸಾಲಿನಲ್ಲಿ ಓಡುತ್ತಿರುತ್ತದೆ, ಬಲಗೈ ನಂಬರ್ ಪ್ಯಾಡಿನಲ್ಲಿ. ಕಣ್ಣು ವೋಚರಿನ ಮೇಲೆ. ಕೀಬೋರ್ಡಿನ ಕಡೆ ನೋಡುವುದೇ ಇಲ್ಲ. ಅದು ಒಂದು ವಿದ್ಯೆ. ಅವರ ಕೀಬೋರ್ಡಿನಿಂದ ಒಂದು ಕೀಯನ್ನೂ ಕದಲಿಸುವ ಹಕ್ಕು ನಮಗಿಲ್ಲ.

ಕನ್ನಡ ಬರೆಯುವ ನಮ್ಮಂಥವರಿಗೆ? ನಾಡೋಜ ಕೆ.ಪಿ. ರಾವ್ ಅವರು ಮಾಡಿಕೊಟ್ಟ ವಿನ್ಯಾಸದಲ್ಲಿ ಇಡೀ ಕನ್ನಡ ವರ್ಣಮಾಲೆ ಇಂಗ್ಲಿಷಿನ ಇಪ್ಪತ್ತಾರು ಅಕ್ಷರದ ಕೀಗಳು ಮತ್ತು ಶಿಫ್ಟಿನಲ್ಲೇ ಮುಗಿದುಹೋಗುತ್ತದೆ. ನುಡಿ ತಂತ್ರಾಂಶದಲ್ಲಿ ನಾವು ಹೊಡೆಯುವುದು ಅದನ್ನೇ. ಒತ್ತಕ್ಷರ ಕೂಡಿಸುವ ಎಫ್ ಕೀ ಎಡ ತೋರುಬೆರಳು ಮೊದಲೇ ಕೂತಿರುವ ಜಾಗದಲ್ಲಿದೆ. ಕನ್ನಡದಲ್ಲಿ ಒತ್ತಿಲ್ಲದ ಸಾಲು ಎಷ್ಟು ಸಿಗುತ್ತದೆ ಹೇಳಿ. ಅತಿ ಹೆಚ್ಚು ಬೇಕಾಗುವುದನ್ನು ಬೆರಳು ಕದಲಿಸದೆ ಸಿಗುವ ಕಡೆ ಇಟ್ಟಿದ್ದಾರೆ, ಅವರ ಬುದ್ಧಿಗೆ ಕೈ ಮುಗಿಯಬೇಕು. ಈ ವಿನ್ಯಾಸದವರು ನಂಬರ್ ಪ್ಯಾಡು ಕಳೆದುಕೊಂಡರೆ ಕನ್ನಡದ ಒಂದು ಅಕ್ಷರಕ್ಕೂ ಕುತ್ತು ಬರುವುದಿಲ್ಲ. ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ವಿನ್ಯಾಸದವರು ಸ್ವಲ್ಪ ನೋಡಿಕೊಳ್ಳಬೇಕು. ಅದರಲ್ಲಿ ಪಿ ಕೀಯ ಬಲಕ್ಕಿರುವ ಚೌಕ ಕಂಸದ ಮೇಲೆ ಡಕಾರ, ಎಲ್ ಕೀಯ ಬಲಕ್ಕೆ ಚಕಾರ, ಅದರ ಪಕ್ಕಕ್ಕೆ ಟಕಾರ ಕೂತಿವೆ. ಬರೀ ಅಕ್ಷರ ಸಾಕು ಅಂತ ತೀರಾ ಪುಟ್ಟದಾಗಿ ಮಾಡುವ ಕೀಬೋರ್ಡುಗಳಲ್ಲಿ ಈ ಅಂಚಿನ ಕೀಗಳನ್ನೇ ಮೊದಲು ತೆಗೆಯುತ್ತಾರೆ. ಅಂಥದ್ದರಲ್ಲಿ ಇನ್‌ಸ್ಕ್ರಿಪ್ಟ್ ಹೊಡೆಯುವುದು ಆಗದ ಮಾತು.

ಈಗ ಕೆಲಸಕ್ಕೆ ಬರೋಣ. ಮುಚ್ಚಳ ಬಿಚ್ಚಿದ ತಕ್ಷಣ ಗರಗಸ ಹಿಡಿಯಬೇಡಿ. ಒಳಗೆ 104 ಕೀಗಳಿಗೆ 104 ತಂತಿ ಇರುವುದಿಲ್ಲ. ಸಿನಿಮಾ ಥಿಯೇಟರಿನಲ್ಲಿ ಸಾಲಿನ ಅಕ್ಷರ, ಸೀಟಿನ ನಂಬರು ಎರಡು ಹೇಳಿದರೆ ಜಾಗ ಸಿಗುವ ಹಾಗೆ, ಪ್ರತಿ ಕೀಗೂ ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಕಂಟ್ರೋಲರ್ ಚಿಪ್ಪು ಒಂದೊಂದೇ ಗೆರೆಗೆ ವಿದ್ಯುತ್ತು ಕೊಟ್ಟು ಇನ್ನೊಂದು ಕಡೆ ಎಲ್ಲಿ ಬಂತು ಅಂತ ನೋಡುತ್ತದೆ. ಒಂದು ಸೆಕೆಂಡಿನಲ್ಲಿ ಈ ಸುತ್ತು ಎಷ್ಟೋ ಸಲ ನಡೆದುಹೋಗಿರುತ್ತದೆ. ಹೀಗಾಗಿ ನೂರಕ್ಕೂ ಹೆಚ್ಚು ಕೀಗಳಿಗೆ ಇಪ್ಪತ್ತು ಚಿಲ್ಲರೆ ಗೆರೆ ಸಾಕಾಗುತ್ತವೆ.

ತೊಡಕು ಇರುವುದು ಇಲ್ಲೇ. ಈ ಅಡ್ಡ-ಉದ್ದಗಳು ಕಾಗದದ ಮೇಲಿನ ಲೆಕ್ಕ, ಬೋರ್ಡಿನ ಮೇಲೆ ಅವು ನೇರವಾಗಿ ಓಡುವುದಿಲ್ಲ. ಬೋರ್ಡು ಮಾಡಿದವರು ತಾಮ್ರದ ದಾರಿಯನ್ನು ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಹಾಯಿಸಿರುತ್ತಾರೆ. ನಂಬರ್ ಪ್ಯಾಡಿನ ಒಳಗೆ ಹೋದ ಗೆರೆ ಅಲ್ಲೇ ಮುಗಿಯದೆ ತಿರುಗಿ ಬಂದು ಎಂಟರ್ ಕೀಗೋ ಬಾಣಕ್ಕೋ ಸೇರಿರಬಹುದು. ನಡುವೆ ಕತ್ತರಿಸಿದಿರೋ, ನಂಬರ್ ಪ್ಯಾಡಿನ ಜೊತೆಗೆ ಇತ್ತ ಕಡೆಯ ಹತ್ತಾರು ಕೀಗಳೂ ಸತ್ತವು.

ಅದಕ್ಕೇ ಮೊದಲು ನಕ್ಷೆ. ಯುಎಸ್‌ಬಿ ಕಿತ್ತಿಡಿ, ಬೋರ್ಡು ಬೋರಲು ಹಾಕಿ. ಪ್ರತಿ ಸ್ವಿಚ್ಚಿಗೆ ಎರಡು ಬೆಸುಗೆಯ ಚುಕ್ಕೆ ಕಾಣುತ್ತವೆ. ಮಲ್ಟಿಮೀಟರನ್ನು ಸದ್ದು ಮಾಡುವ ಕಡೆಗೆ ತಿರುಗಿಸಿ, ಒಂದು ಮುಳ್ಳನ್ನು ನಂಬರ್ ಪ್ಯಾಡಿನ 8ರ ಒಂದು ಕಾಲಿಗೆ ಒತ್ತಿ ಹಿಡಿದುಕೊಂಡು ಇನ್ನೊಂದನ್ನು ಉಳಿದ ಕೀಗಳ ಕಾಲುಗಳ ಮೇಲೆ ಸಾಲಾಗಿ ಆಡಿಸುತ್ತ ಬನ್ನಿ. ಎಲ್ಲಿ ಪೀಂ ಅನ್ನುತ್ತದೋ ಅವೆಲ್ಲ ಒಂದೇ ಗೆರೆಯ ಬಳಗ. ಒಂದು ದೊಡ್ಡ ಹಾಳೆಯಲ್ಲಿ ಕೀಬೋರ್ಡಿನ ಹಿಂಭಾಗವನ್ನು ಬರೆದುಕೊಂಡಿರಿ. ಹಿಂದಿನಿಂದ ನೋಡುವಾಗ ಎಡಬಲ ಅದಲುಬದಲು, ನೆನಪಿರಲಿ. ಅಡ್ಡಗೆರೆಗೆ ಒಂದು ಬಣ್ಣ, ಉದ್ದಗೆರೆಗೆ ಒಂದು ಬಣ್ಣ. ನನಗಂತೂ ಇಡೀ ಕೆಲಸದಲ್ಲಿ ಅತ್ಯಂತ ಸಂತೋಷ ಕೊಡುವ ಭಾಗ ಇದು. ಗಂಟುಗಂಟಾಗಿ ಕಂಡ ಹಸಿರು ಬೋರ್ಡು ಹಾಳೆಯ ಮೇಲೆ ನಿಧಾನಕ್ಕೆ ಬಿಡಿಸಿಕೊಳ್ಳುತ್ತ ಬರುತ್ತದೆ. ಎಂದೋ, ಯಾವುದೋ ಊರಿನಲ್ಲಿ ಕೂತು ಇದನ್ನು ಹಾಕಿದ ಎಂಜಿನಿಯರು ಎಲ್ಲಿ ಇಕ್ಕಟ್ಟಾಗಿ ಸುತ್ತುಹಾಕಿದರು, ಎಲ್ಲಿ ಒಂದು ತಂತಿಯ ತುಂಡು ಹಾಕಿ ಗೆರೆ ದಾಟಿಸಿದರು ಅನ್ನುವುದೆಲ್ಲ ಬೆರಳಿಗೇ ತಿಳಿಯುತ್ತದೆ.

ನಕ್ಷೆ ಮುಗಿದ ಮೇಲೆ ಕತ್ತರಿಯ ಗೆರೆ ಎಳೆಯಿರಿ. ಆ ಗೆರೆಯನ್ನು ಯಾವ ಯಾವ ದಾರಿ ದಾಟುತ್ತದೆ, ದಾಟಿ ಹೋದದ್ದರಲ್ಲಿ ಯಾವುದು ವಾಪಸು ಬರುತ್ತದೆ ಅಂತ ಗುರುತು ಹಾಕಿ. ವಾಪಸು ಬರುವಂಥವಕ್ಕೆ ಮಾತ್ರ ಹೊಸ ಸೇತುವೆ ಬೇಕು. ತೆಳು ತಂತಿಯನ್ನು ಒಂದು ಸ್ವಿಚ್ಚಿನ ಕಾಲಿನಿಂದ ಇನ್ನೊಂದು ಸ್ವಿಚ್ಚಿನ ಕಾಲಿಗೆ ಬೆಸೆಯಿರಿ. ತಾಮ್ರದ ದಾರಿಯನ್ನು ಕೆರೆದು ಅದರ ಮೇಲೆಯೇ ಬೆಸೆಯಲು ಹೋದರೆ ಕಾವಿಗೆ ಅದು ಸಿಪ್ಪೆಯಾಗಿ ಎದ್ದುಬರುತ್ತದೆ. ಸೇತುವೆಗಳನ್ನೆಲ್ಲ ಕತ್ತರಿಸುವ ಮೊದಲೇ ಹಾಕಿಬಿಡುವುದು ನನ್ನ ಪದ್ಧತಿ. ಆಮೇಲೆ ಕತ್ತರಿಸಬೇಕೆಂದಿರುವ ದಾರಿಗಳನ್ನು ಚಾಕುವಿನ ತುದಿಯಿಂದ ಗೀರಿ ತುಂಡು ಮಾಡಿ, ಯುಎಸ್‌ಬಿ ಸಿಕ್ಕಿಸಿ, ಉಳಿದ 87 ಕೀಗಳನ್ನೂ ಒತ್ತಿ ನೋಡುವುದು. ಎಲ್ಲ ಜೀವಂತ ಇವೆ ಅಂತ ಖಾತ್ರಿಯಾದ ಮೇಲೆ ಗರಗಸ.

ಕಂಟ್ರೋಲರ್ ಚಿಪ್ಪು ಎಲ್ಲಿದೆ ನೋಡಿಕೊಳ್ಳಿ. ಎಷ್ಟೋ ಕೀಬೋರ್ಡುಗಳಲ್ಲಿ ಅದು ಬಲ ಮೂಲೆಯಲ್ಲಿ, ಆ ಮೂರು ದೀಪಗಳ ಹತ್ತಿರ ಕೂತಿರುತ್ತದೆ. ನಾವು ತೆಗೆಯಬೇಕೆಂದಿರುವ ಭಾಗದಲ್ಲೇ! ಹಾಗಾದರೆ ಹಳೆಯ ಚಿಪ್ಪನ್ನು ಬಿಟ್ಟು ಹೊಸದು ಹಾಕುವುದೇ ನೆಮ್ಮದಿ. ರಾಸ್ಪ್‌ಬೆರಿ ಪೈ ಪೀಕೋ ಅಂತ ಬೆರಳುದ್ದದ ಒಂದು ಬೋರ್ಡಿದೆ, 26 ಗೆರೆಗಳನ್ನು ಅದಕ್ಕೆ ಕಟ್ಟಬಹುದು. ಹಳೆಯ ಅಡ್ಡ-ಉದ್ದ ಎಲ್ಲ ಸೇರಿ ಅಷ್ಟರೊಳಗಿದ್ದರೆ ಒಂದೊಂದು ತಂತಿ ಎಳೆದು ಬೆಸೆದರಾಯಿತು. ಕ್ಯೂಎಂಕೆ ಅನ್ನುವ ಉಚಿತ ತಂತ್ರಾಂಶ ಅದರೊಳಗೆ ತುಂಬಿಸಿದರೆ ಯಾವ ಕೀ ಏನಾಗಬೇಕು ಅನ್ನುವುದು ಪೂರ್ತಿ ನಿಮ್ಮ ಕೈಗೆ. ಕ್ಯಾಪ್ಸ್ ಲಾಕನ್ನು ಇನ್ನೇನಾದರೂ ಮಾಡಿಕೊಳ್ಳಿ, ಎಫ್ಎನ್ ಹಿಡಿದು ಅಕ್ಷರ ಒತ್ತಿದರೆ ಅಂಕಿ ಬರುವ ಹಾಗೆ ಮಾಡಿಕೊಳ್ಳಿ. ಒಂದು ಎಚ್ಚರಿಕೆ: ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡು ಪ್ರತಿ ಕೀಗೂ ಇಲ್ಲದ ಬೋರ್ಡಾದರೆ, ಒಂದು ಚೌಕದ ಮೂರು ಮೂಲೆಯ ಕೀಗಳನ್ನು ಒಟ್ಟಿಗೆ ಒತ್ತಿದಾಗ ವಿದ್ಯುತ್ತು ಹಿಂದುಹಿಂದಾಗಿ ಸುತ್ತಿ ಬಂದು ಒತ್ತದ ನಾಲ್ಕನೆಯ ಮೂಲೆಯೂ ಒತ್ತಿದಂತೆ ಕಾಣುತ್ತದೆ. ಬರವಣಿಗೆಗೆ ಇದರಿಂದ ಅಂಥ ತೊಂದರೆಯಿಲ್ಲ, ಮಕ್ಕಳ ಆಟಕ್ಕೆ ಬಳಸುವುದಾದರೆ ಸ್ವಿಚ್ಚಿಗೊಂದು 1ಎನ್4148 ಡಯೋಡು ಹಾಕುವ ಶ್ರಮ ಪಡಬೇಕು.

ಬೋರ್ಡು ಕೊಯ್ಯುವಾಗ ಮೂಗಿಗೆ ಮಾಸ್ಕು ಬೇಕೇ ಬೇಕು. ಅದು ಗಾಜಿನ ನಾರಿನ ಹಲಗೆ, ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡು, ನೀರು ಚಿಮುಕಿಸುತ್ತ, ನಿಧಾನ. ಅಂಚನ್ನು ಅರದಿಂದ ಉಜ್ಜಿ ತಾಮ್ರದ ಸಿಬಿರು ಉಳಿಯದಂತೆ ನೋಡಿಕೊಳ್ಳಿ, ಎರಡು ದಾರಿಗಳ ನಡುವೆ ಒಂದು ಸಿಬಿರು ಕೂತರೂ ಕೆಲಸ ಕೆಟ್ಟಿತು.

ಹೊರಗಿನ ಡಬ್ಬಕ್ಕೆ ಒಂದು ಉಪಾಯವಿದೆ. ಬಲತುದಿಯನ್ನು ಸುಮ್ಮನೆ ಕೊಯ್ದು ಬಿಟ್ಟರೆ ಬಾಯಿ ತೆರೆದುಕೊಂಡಿರುತ್ತದೆ. ಅದರ ಬದಲು ಎರಡು ಕಡೆ ಕೊಯ್ಯಿರಿ: ಬಾಣದ ಕೀಗಳು ಮುಗಿದ ಮೇಲೆ ಒಂದು, ಬಲಗೋಡೆಗೆ ಸ್ವಲ್ಪ ಮುಂಚೆ ಇನ್ನೊಂದು. ನಡುವಿನ ಎಂಟು ಸೆಂಟಿಮೀಟರ್ ಹೊರಬಂತು, ಮೂಲದ ಬಲಗೋಡೆಯನ್ನೇ ತಂದು ಇತ್ತ ಅಂಟಿಸಿದರೆ ಮೂಲೆಯ ದುಂಡು ಹಾಗೇ ಉಳಿಯುತ್ತದೆ. ಡಬ್ಬ ಎಬಿಎಸ್ ಪ್ಲಾಸ್ಟಿಕ್ಕಿನದಾದರೆ ಕೊಯ್ದಾಗ ಉದುರಿದ ಪುಡಿಯನ್ನು ಅಸಿಟೋನಿನಲ್ಲಿ ಕರಗಿಸಿ. ಗೊಜ್ಜಿನಂತಾಗುವ ಅದನ್ನೇ ಸಂದಿಗೆ ತುಂಬಿ ಒಂದು ದಿನ ಬಿಟ್ಟು ಉಜ್ಜಿದರೆ ಕೂಡುಗೆರೆ ಬೆರಳಿಗೆ ಸಿಗುವುದಿಲ್ಲ, ಬಣ್ಣವೂ ಅದರದೇ. ಕೊಯ್ಯುವ ಮೊದಲು ಒಳಗಿನ ಸ್ಕ್ರೂ ಕಂಬಗಳು ಎಲ್ಲಿವೆ ನೋಡಿಟ್ಟುಕೊಳ್ಳಬೇಕು, ಅಷ್ಟೆ.

ಕಂಪ್ಯೂಟರಿನ ಜೊತೆ ಬರುವ ರಬ್ಬರಿನ ಮೆತ್ತನೆ ಕೀಬೋರ್ಡಿಗೆ ಇದು ನಡೆಯುವುದಿಲ್ಲ. ಅದರೊಳಗಿರುವುದು ಮೂರು ಪದರದ ಪ್ಲಾಸ್ಟಿಕ್ ಹಾಳೆ, ಗೆರೆಗಳು ಮಸಿಯಲ್ಲಿ ಅಚ್ಚಾದವು, ಬೆಸುಗೆ ತಾಗಿಸಿದರೆ ಕರಗಿಹೋಗುತ್ತದೆ. ಅದನ್ನು ಬಿಟ್ಟುಬಿಡಿ.

ಮಾಡೆಲ್ ಎಂ ಅಂದೆನಲ್ಲ, ಅದರ ಮಾತೇ ಬೇರೆ. 1985ರಲ್ಲಿ ಬಂದದ್ದು. ಒತ್ತಿದಾಗ ಒಳಗಿನ ಸ್ಪ್ರಿಂಗು ಪಕ್ಕಕ್ಕೆ ಬಾಗಿ ಟಣ್ ಅನ್ನುತ್ತದೆ. ರಿಚರ್ಡ್ ಹ್ಯಾರಿಸ್ ಅನ್ನುವ ಐಬಿಎಂ ಎಂಜಿನಿಯರಿಗೆ ಆ ಬಾಗುವ ಸ್ಪ್ರಿಂಗಿನ ತಂತ್ರಕ್ಕೆ 1978ರಲ್ಲಿ ಪೇಟೆಂಟ್ ಸಿಕ್ಕಿತ್ತು. ಅದರ ಹಿಂದಿನ ಉಕ್ಕಿನ ತಗಡನ್ನು ಹಿಡಿದಿರುವುದು ಪ್ಲಾಸ್ಟಿಕ್ಕಿನ ಪುಟ್ಟಪುಟ್ಟ ಮೊಳೆಗಳು. ವಯಸ್ಸಾದ ಹಾಗೆ ಅವು ಒಂದೊಂದೇ ಮುರಿಯುತ್ತವೆ. ರಿಪೇರಿ ಮಾಡುವವರು ಎಲ್ಲವನ್ನೂ ಕೆರೆದು ತೆಗೆದು, ತೂತು ಕೊರೆದು, ಸಣ್ಣ ಬೋಲ್ಟು-ನಟ್ಟು ಹಾಕಿ ಬಿಗಿಯುತ್ತಾರೆ. ಹೇಗೂ ಅಷ್ಟು ಬಿಚ್ಚಿದ್ದೇವಲ್ಲ, ಕತ್ತರಿಸಿಯೂ ಬಿಡೋಣ ಅಂತ ಆಸೆ ಹುಟ್ಟುವುದು ಸಹಜ. ನನ್ನ ಅಭಿಪ್ರಾಯ ಕೇಳಿದರೆ, ಸರಿಯಾಗಿ ಕೆಲಸ ಮಾಡುತ್ತಿರುವ ಹಳೆಯ ಮಾಡೆಲ್ ಎಂ ಅನ್ನು ಯಾರೂ ಕತ್ತರಿಸಬಾರದು. ಅವು ಇನ್ನು ಹುಟ್ಟುವುದಿಲ್ಲ. ನಂಬರ್ ಪ್ಯಾಡಿನ ಕಡೆಯೇ ಒಡೆದದ್ದು, ನೀರು ಹೋಗಿ ಹಾಳಾದದ್ದು ಸಿಕ್ಕಿದರೆ ಮಾತ್ರ ಗರಗಸಕ್ಕೆ ಅರ್ಹ.

ಇನ್ನೂ ಚಿಕ್ಕದು ಬೇಕು, ಬಾಣದ ಕೀಯೂ ಬೇಡ ಅನ್ನುವವರಿದ್ದಾರೆ. ಅದೂ ಹೊಸ ಹುಚ್ಚೇನಲ್ಲ. 1976ರ ಎಡಿಎಂ-3ಎ ಅನ್ನುವ ಟರ್ಮಿನಲ್ಲಿನಲ್ಲಿ ಎಚ್, ಜೆ, ಕೆ, ಎಲ್ ಕೀಗಳ ಮೇಲೆಯೇ ಬಾಣದ ಗುರುತಿತ್ತು. ಅದರ ಮುಂದೆ ಕೂತೇ ಬಿಲ್ ಜಾಯ್ ವಿಐ ಎಡಿಟರ್ ಬರೆದದ್ದು, ಅದರಲ್ಲಿ ಇವತ್ತಿಗೂ ಅವೇ ನಾಲ್ಕು ಅಕ್ಷರ ಬಾಣಗಳು. ಜಪಾನಿನಲ್ಲಿ ಪ್ರೊಫೆಸರ್ ಎಯಿಚಿ ವಾಡ ಅವರ ವಿಚಾರದ ಮೇಲೆ ಪಿಎಫ್‌ಯು ಕಂಪನಿ 1996ರಲ್ಲಿ ಅರವತ್ತೇ ಕೀಗಳ ಹ್ಯಾಪಿ ಹ್ಯಾಕಿಂಗ್ ಕೀಬೋರ್ಡ್ ಮಾಡಿತು. ಕೋಡು ಬರೆಯುವವರಿಗೆ ಅದು ಸೊಗಸು. ಆದರೆ ನಾನು ಬರೆಯುವುದು ಲೇಖನ. ಬರೆದದ್ದನ್ನು ತಿದ್ದುತ್ತ ಒಂದೊಂದೇ ಅಕ್ಷರ ಹಿಂದೆ ಮುಂದೆ ಸರಿಯುವುದೇ ನನ್ನ ಅರ್ಧ ಕೆಲಸ. ಬಾಣಗಳು ನನಗೆ ಬೇಕು. ಎಂಟು ಸೆಂಟಿಮೀಟರಿಗೆ ನಾನು ನಿಲ್ಲಿಸುತ್ತೇನೆ.

ಕತ್ತರಿಸಿ ತೆಗೆದ ತುಂಡು ಏನಾಗಬೇಕು? ಅದನ್ನು ಬಿಸಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹದಿನೇಳು ಒಳ್ಳೆಯ ಸ್ವಿಚ್ಚುಗಳಿವೆ ಅದರಲ್ಲಿ. ಐದು ಅಡ್ಡ, ನಾಲ್ಕು ಉದ್ದ, ಒಂಬತ್ತೇ ತಂತಿ. ಒಂದು ಪುಟ್ಟ ಕಂಟ್ರೋಲರು ಹಾಕಿದರೆ ಅದೇ ಸ್ವತಂತ್ರ ನಂಬರ್ ಪ್ಯಾಡು. ನಮ್ಮ ಅತ್ತಿಗೆ ಸೊಸೈಟಿಯ ಲೆಕ್ಕ ಬರೆಯುತ್ತಾರಲ್ಲ, ಅವರ ಮೇಜಿನ ಮೇಲೆ ಈಗ ಇರುವುದು ಅಂಥದ್ದೇ ಒಂದು, ಕೀಬೋರ್ಡಿನ ಎಡಗಡೆಗೆ. ಎಡಗೈಯಲ್ಲಿ ಅಂಕಿ, ಬಲಗೈ ಮೌಸಿನ ಮೇಲೆ. ಶುರುವಿನಲ್ಲಿ ಬೆರಳು ತಡವರಿಸಿತು. 4ರ ಮೇಲೆ ಬಲ ತೋರುಬೆರಳು ಇರುತ್ತಿದ್ದ ಕಡೆ ಈಗ ಎಡ ಉಂಗುರ ಬೆರಳು ಬಂದಿತ್ತು. ಅಗಲದ ಸೊನ್ನೆ ಮೂಲದಲ್ಲಿ ಬಲಹೆಬ್ಬೆರಳಿಗೆಂದು ಮಾಡಿದ್ದು. ಎಡಗೈಗೆ ಹೆಬ್ಬೆರಳು ಬರುವುದು ಬಲಬದಿಗೆ, ಎಂಟರ್ ಇರುವ ಕಡೆ. ತಂತ್ರಾಂಶದಲ್ಲಿ ಅವೆರಡನ್ನೂ ಅದಲುಬದಲು ಮಾಡಿಕೊಟ್ಟೆ. ಕೆಲವು ವಾರದಲ್ಲಿ ಕೈ ಹಿಡಿತಕ್ಕೆ ಬಂತು. ಅಕೌಂಟೆಂಟರು ಗರಗಸದ ಹತ್ತಿರ ಬರಬಾರದು ಅಂದೆನಲ್ಲ, ಅದು ನಂಬರ್ ಪ್ಯಾಡನ್ನು ಕಳೆದುಕೊಳ್ಳುವ ಗರಗಸಕ್ಕೆ. ಅವರಿಗೆ ಬೇಕಾದ ಕಡೆಗೆ ಅದನ್ನು ಸರಿಸಿಕೊಡುವುದಾದರೆ ಬೇರೆ ಮಾತು.

ನಿಮ್ಮದು ಯಾವ ಬೋರ್ಡು ಅಂತ ನೋಡಬೇಕು. ಭಾನುವಾರ ತಂದುಕೊಡಿ, ಮುಚ್ಚಳ ಬಿಚ್ಚಿ ಚಿಪ್ಪು ಯಾವ ಮೂಲೆಯಲ್ಲಿದೆ ಅಂತ ನೋಡೋಣ. ಅಲ್ಲಿಯ ತನಕ ಒಂದು ರಟ್ಟನ್ನು ನಂಬರ್ ಪ್ಯಾಡಿನ ಅಳತೆಗೆ ಕತ್ತರಿಸಿ ಅದರ ಮೇಲೆ ಮುಚ್ಚಿ ಟೇಪು ಹಾಕಿ. ಕೈ ಎಷ್ಟು ಸಲ ಆ ಕಡೆ ಹೋಗುತ್ತದೆ, ಯಾವ ಕೀಗೆ ಹೋಗುತ್ತದೆ, ರಟ್ಟಿನ ಮೇಲೆಯೇ ಪೆನ್ಸಿಲ್ಲಿನಲ್ಲಿ ಗೀಟು ಹಾಕುತ್ತ ಬನ್ನಿ. ಗೀಟು ಜಾಸ್ತಿ ಬಿದ್ದರೆ ಪ್ಯಾಡನ್ನು ಎಡಕ್ಕೆ ಕೂರಿಸೋಣ, ಕಡಿಮೆ ಬಿದ್ದರೆ ತುಂಡಿಗಾಗಿ ಅತ್ತಿಗೆಯ ಸೊಸೈಟಿಯಲ್ಲಿ ಇನ್ನೊಬ್ಬರು ಕಾಯುತ್ತಿದ್ದಾರೆ.